ಅವರು ಎನ್ನಬೇಕಾದಲ್ಲಿ ಇವರು

ಗಂಟಲಣ್ಣ ಕೆಮ್ಮಿದರೆ ಮೂರು ಬೀದಿಯಾಚೆ ತೊಟ್ಟಿಲಲ್ಲಿದ್ದ ಕೂಸು ಎದ್ದು ಕೂತು, ಯಾರೋ ದೊಡ್ಡವರು ಬಂದರೆಂದು ಮೂಗು ಒರೆಸಿಕೊಳ್ಳುತ್ತಿತ್ತು. ನಂಬದವರು ಆ ಕೂಸನ್ನೇ ಕೇಳಬಹುದು. ಈಗ ಅದಕ್ಕೆ ಮೀಸೆ ಬಂದಿದೆ. ಅವನ ಗಂಟಲೊಳಗೆ ಒಂದು ಇಡೀ ಊರೇ ಬಾಡಿಗೆಗೆ ಇತ್ತು. ರಾಜ, ಮಂತ್ರಿ, ಬ್ಯಾಂಕ್ ಮ್ಯಾನೇಜರು, ತವರಿಗೆ ಹೋದ ಹೆಂಡತಿಯ ಹತ್ತಿರ ಫೋನಿನಲ್ಲಿ ಗೋಗರೆಯುವ ಗಂಡ, ಎಲ್ಲರೂ ಅಲ್ಲೇ ವಾಸ. ಒಮ್ಮೆ ಇನ್‌ಸ್ಪೆಕ್ಟರ ದನಿಯಲ್ಲಿ ತನ್ನ ಮನೆಯ ಬೆಕ್ಕನ್ನು ಗದರಿಸಿದಾಗ, ದಾರಿಯಲ್ಲಿ ಹೋಗುತ್ತಿದ್ದ ಕಳ್ಳನೊಬ್ಬ ನೇರ ಠಾಣೆಗೆ ನಡೆದು ತಪ್ಪೊಪ್ಪಿಕೊಂಡಿದ್ದ. ಪೊಲೀಸರಿಗೆ ಆ ಕಳ್ಳತನ ನಡೆದದ್ದೇ ಗೊತ್ತಿರಲಿಲ್ಲ.

ಇಂಥ ಗಂಟಲು ಹದಗೊಂಡದ್ದು ಊರಿನ ನಾಟಕಶಾಲೆಯಲ್ಲಿ. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಿದ್ದು ಆ ಊರಿನದೇ ಚರಿತ್ರೆಯ ನಾಟಕ. ಮೊದಲ ಅಂಕದಲ್ಲಿ ಗಂಟಲಣ್ಣನ ಮತದ ದೊರೆಯೊಬ್ಬ ಇನ್ನೊಂದು ಮತದವರ ಪ್ರಾರ್ಥನಾಮಂದಿರವನ್ನು ಕೆಡವಿಸುತ್ತಾನೆ. ಎರಡನೆಯ ಅಂಕದಲ್ಲಿ ಆ ಮತದ ದೊರೆ ದಂಡು ಕಟ್ಟಿಕೊಂಡು ಬಂದು ಈ ಮತದವರ ಮಂದಿರಕ್ಕೆ ಬೆಂಕಿ ಇಡಿಸುತ್ತಾನೆ, ಒಳಗೆ ಅವಿತಿದ್ದವರ ಸಮೇತ. ಮೂರನೆಯ ಅಂಕದಲ್ಲಿ ಬೆಂಕಿ ಇಟ್ಟ ದೊರೆಯೇ ಬೂದಿಯಲ್ಲಿ ಕೂತು ಅಳುತ್ತಾನೆ. ಅಳುವ ದೊರೆ ಗಂಟಲಣ್ಣ. ಎರಡೂ ಮತದವರು ಒಂದೇ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತು ಎಷ್ಟು ಅಳುತ್ತಿದ್ದರೆಂದರೆ, ಒದ್ದೆ ನೆಲದಲ್ಲಿ ಗೇಟ್‌ಕೀಪರು ಜಾರಿ ಬಿದ್ದು ಸೊಂಟ ಮುರಿದುಕೊಂಡ. ಆ ನೋವಿಗೆ ಅವನು ಅತ್ತದ್ದನ್ನೂ ಜನ ನಾಟಕದ ಹಿರಿಮೆಗೇ ಸೇರಿಸಿದರು.

ಪಕ್ಕದ ಪರದೆಯ ಮರೆಯಲ್ಲಿ, ಕಾಲು ಅಲ್ಲಾಡುವ ಸ್ಟೂಲಿನ ಮೇಲೆ, ನಾಟಕದ ಪುಸ್ತಕ ಹಿಡಿದು ಪ್ರಾಂಪ್ಟರು ಕೂರುತ್ತಿದ್ದ. ಅವನು ಆ ಇನ್ನೊಂದು ಮತದವನು. ನಟ ಮಾತು ಮರೆತರೆ ಎತ್ತಿಕೊಡುವುದು ಅವನ ಕೆಲಸ. ಅವನ ಪಿಸುದನಿಯ ಹದ ಹೇಗಿತ್ತೆಂದರೆ, ನಟನ ಎಡಗಿವಿಗೆ ಕೇಳಿಸಿದ್ದು ಬಲಗಿವಿಗೆ ಕೇಳಿಸುತ್ತಿರಲಿಲ್ಲ. ಆದರೆ ಗಂಟಲಣ್ಣ ಮಾತು ಮರೆಯುವ ಪೈಕಿಯಲ್ಲ, ಬದಲಿಸುವ ಪೈಕಿ. ಚಪ್ಪಾಳೆ ಸಿಕ್ಕೀತು ಅನ್ನಿಸಿದರೆ ಸಾಕು, ಪುಸ್ತಕದ ಮಾತನ್ನು ಕೈಬಿಟ್ಟು ತನ್ನದೊಂದನ್ನು ತುರುಕುತ್ತಿದ್ದ.

“ಪುಸ್ತಕದಲ್ಲಿ ಅದಿಲ್ಲ ಕಣೋ,” ಎಂದು ಪ್ರಾಂಪ್ಟರು ಆಟ ಮುಗಿದ ಮೇಲೆ ಬೈಯುತ್ತಿದ್ದ.

“ಜನರ ಕೈಯಲ್ಲಿತ್ತು ಭಾವ. ಅಲ್ಲಿಂದ ತಗೊಂಡೆ.”

ಭಾವ ಅನ್ನುವುದಕ್ಕೆ ಇಬ್ಬರ ನಡುವೆ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಯಾವುದೋ ನಾಟಕದಲ್ಲಿ ಅಂದದ್ದು ಹಾಗೇ ಅಂಟಿಕೊಂಡಿತ್ತು.

ಆಮೇಲೆ ಜನ ಮನೆಯಲ್ಲೇ ಟಿ.ವಿ. ಮುಂದೆ ಕೂತು ಅಳುವುದನ್ನು ಕಲಿತರು. ನಾಟಕಶಾಲೆಯಲ್ಲಿ ಹಾಸಿಗೆ ಅಂಗಡಿ ಬಂತು. ರಂಗದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಮಲಗಿ, ಹೊರಳಿ, ಬೆಲೆ ಕೇಳಿ ಎದ್ದು ಹೋಗುತ್ತಿದ್ದರು. ಪ್ರಾಂಪ್ಟರು ತನ್ನ ಅಣ್ಣನ ಇಸ್ತ್ರಿ ಅಂಗಡಿ ಸೇರಿದ. ಅಂಗಡಿ ಇದ್ದದ್ದು ದೊಡ್ಡ ಚೌಕದ ಎಡಕ್ಕೆ, ಅವನ ಮತದವರೇ ಹೆಚ್ಚಾಗಿದ್ದ ಬೀದಿಯಲ್ಲಿ. ಗಂಟಲಣ್ಣ ಹುಟ್ಟುಹಬ್ಬ, ಅಂಗಡಿ ಉದ್ಘಾಟನೆ ಎಂದು ಮಿಮಿಕ್ರಿ ಮಾಡಿಕೊಂಡು ಅಲೆದ. ಅದರಲ್ಲಿ ಎಲ್ಲರೂ ಮತ್ತೆ ಮತ್ತೆ ಕೇಳುತ್ತಿದ್ದದ್ದು ಯಜಮಾನರ ದನಿ.

ಯಜಮಾನರು ಅಂದರೆ ಆ ಊರಿನ ರಾಜಕಾರಣ. ಮಳೆ ಬಂದರೆ ತಾವೇ ತರಿಸಿದ್ದು, ಕೊಡೆ ಮರೆತು ನೆನೆದವನಿಗೆ ವಿರೋಧ ಪಕ್ಷ ಕಾರಣ. ಚುನಾವಣೆಗೆ ಒಂದು ವಾರವಿರುವಾಗ ಅವರ ದನಿ ಹೋಯಿತು. ಹೋಯಿತು ಅಂದರೆ, ಹೊರಟೇ ಹೋಯಿತು. ಪಿಸುದನಿಗಿಂತ ಜೋರಾಗಿ ಒಂದು ಮಾತಾಡಿದರೂ ಶಾಶ್ವತವಾಗಿ ಮೂಗರಾಗುತ್ತೀರಿ ಎಂದು ಡಾಕ್ಟರು ಹೆದರಿಸಿದ್ದರು. ಯಜಮಾನರ ಪಿ.ಎ. ಗಂಟಲಣ್ಣನ ಮನೆ ಹುಡುಕಿಕೊಂಡು ಬಂದು, ಅತಿಥಿಗೃಹಕ್ಕೆ ಕರೆದೊಯ್ದ.

ಯಜಮಾನರು ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು, ಬಿಸಿನೀರಿನ ಲೋಟದ ಮುಂದೆ ಕೂತಿದ್ದರು. ಎದ್ದು ಬಂದು ಗಂಟಲಣ್ಣನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು ತಂದುಕೊಂಡರು. ಆ ನೀರನ್ನು ನೋಡಿದ ಗಂಟಲಣ್ಣನಿಗೆ ಕಸುಬಿನವನ ಅಸೂಯೆಯಾಯಿತು; ಅವನಿಗೆ ಅಷ್ಟು ಬೇಗ ಬರುತ್ತಿರಲಿಲ್ಲ.

“ನೀವು ಆ ನಾಟಕದಲ್ಲಿ ದೊರೆ ಆಗ್ತಿದ್ರಲ್ಲ, ಅವರೇ ಅಲ್ವಾ?” ಪಿಸುಗುಟ್ಟಿದರು. “ಚಿಕ್ಕವನಿದ್ದಾಗ ನೋಡಿದ್ದೆ. ಬೆಂಕಿ ಇಡೋ ಜಾಗ ಇದೆಯಲ್ಲ, ಮೈ ಜುಂ ಅಂದಿತ್ತು. ಅವತ್ತೇ ಅಂದ್ಕೊಂಡೆ, ಇದನ್ನ ಜನಕ್ಕೆ ಹೇಳಬೇಕು ಅಂತ.”

“ಮೊದಲ ಅಂಕವೂ ಇತ್ತಲ್ಲ, ಯಜಮಾನ್ರೇ. ನಮ್ಮ ದೊರೆ ಕೆಡವಿದ್ದು.”

“ಹೌದಾ? ನಾನು ಹೋಗೋಷ್ಟರಲ್ಲಿ ತಡ ಆಗಿತ್ತು. ಎರಡನೇದು ಶುರುವಾಗಿತ್ತು.”

“ಕೊನೇಲಿ ಆ ದೊರೆ ಅಳೋದು?”

“ಅಷ್ಟು ಹೊತ್ತು ಯಾರು ಕೂರ್ತಾರೆ? ಅಪ್ಪ ಕರ್ಕೊಂಡು ಬಂದುಬಿಟ್ರು.”

ಊರಿನ ಇಪ್ಪತ್ತು ವರ್ಷದ ರಾಜಕಾರಣ ಒಬ್ಬ ಹುಡುಗ ನಾಟಕಕ್ಕೆ ತಡವಾಗಿ ಹೋಗಿ ಬೇಗ ಎದ್ದು ಬಂದದ್ದರ ಫಲ ಎಂದು ಗಂಟಲಣ್ಣನಿಗೆ ಆ ಕ್ಷಣ ಹೊಳೆಯಿತು. ಹೊಳೆದದ್ದನ್ನು ನುಂಗಿಕೊಂಡ. ಏಕೆಂದರೆ ಪಿ.ಎ. ಅಷ್ಟರಲ್ಲಿ ವಿಷಯ ಹೇಳಿದ್ದ: ಸಭೆಯಲ್ಲಿ ಯಜಮಾನರು ಮುಂದೆ ನಿಂತು ತುಟಿ ಆಡಿಸುತ್ತಾರೆ, ಗಂಟಲಣ್ಣ ಪರದೆಯ ಹಿಂದೆ ಕೂತು ಭಾಷಣ ಓದಬೇಕು.

“ಗೆದ್ದ ಮೇಲೆ ಹಾಸಿಗೆ ಅಂಗಡಿ ಖಾಲಿ ಮಾಡಿಸ್ತೀನಿ,” ಎಂದರು ಯಜಮಾನರು. “ನಾಟಕಶಾಲೆ ಮತ್ತೆ ತೆಗೆಯೋಣ. ನೀವೇ ನೋಡಿಕೊಳ್ಳಿ.”

ಗಂಟಲಣ್ಣನ ಎದೆ ಅತಿಥಿಗೃಹದ ಬಾಗಿಲಲ್ಲಿ ಹಿಡಿಸದಷ್ಟು ಉಬ್ಬಿತು. ಅಡ್ಡ ತಿರುಗಿ ಹೊರಗೆ ಬರಬೇಕಾಯಿತು.

ಭಾಷಣವನ್ನು ಪಿ.ಎ. ಒಬ್ಬ ವಕೀಲರಿಂದ ತಿದ್ದಿಸಿದ್ದ. ಬಹಳ ಹುಷಾರಿ ಬರವಣಿಗೆ. ‘ಮುನ್ನೂರು ವರ್ಷದ ಹಿಂದೆ ಅವರು ನಮ್ಮ ಮಂದಿರ ಸುಟ್ಟರು. ಅವರು ಸುಟ್ಟರು, ನಾವು ಮರೆತೆವು.’ ಎಲ್ಲೆಲ್ಲೂ ಅವರು, ಅವರು, ಅವರು. ಅಂದರೆ ಸತ್ತು ಮಣ್ಣಾದ ದಂಡಿನವರು. ವಕೀಲರು ಆ ಪದಗಳ ಕೆಳಗೆ ಕೆಂಪು ಗೆರೆ ಎಳೆದಿದ್ದರು.

“ಇದೊಂದು ಅಕ್ಷರ ಬದಲಾಯಿಸಬೇಡಿ,” ಎಂದಿದ್ದ ಪಿ.ಎ. “ನಿಮ್ಮ ಚಾಳಿ ಕೇಳಿದೀನಿ.”

“ನಾನು ಬದಲಾಯಿಸೋದಾ?” ಗಂಟಲಣ್ಣ ಇಗರ್ಜಿ ಗಂಟೆಯ ಹಾಗೆ ನಕ್ಕಿದ್ದ.

ಸಭೆಯ ದಿನ ಚೌಕದಲ್ಲಿ ಸೂಜಿ ಹಾಕಿದರೆ ಅದೂ ನಿಂತುಕೊಂಡೇ ಇರಬೇಕು, ಅಷ್ಟು ಜನ. ವೇದಿಕೆಯ ಹಿಂದೆ ಯಜಮಾನರ ಮುಖ ಬಿಡಿಸಿದ ಪರದೆ, ಎರಡಂತಸ್ತಿನ ಮನೆಯಷ್ಟು ಎತ್ತರ. ಮೂಗಿನ ಹೊಳ್ಳೆಯ ಜಾಗದಲ್ಲಿ ಒಂದು ತೂತು ಕೊರೆದಿದ್ದರು. ಗಂಟಲಣ್ಣ ಆ ಹೊಳ್ಳೆಗೆ ಕಣ್ಣು ಇಟ್ಟು, ಕೈಯಲ್ಲಿ ಮೈಕು ಹಿಡಿದು ಕೂತ. ಅವನಿಗೆ ಕಾಣುತ್ತಿದ್ದದ್ದು ಯಜಮಾನರ ಬೆನ್ನು, ಅವರ ಬಲಗೈ, ಅಷ್ಟೆ. ಜನ ಕಾಣುತ್ತಿರಲಿಲ್ಲ. ಕೇಳಿಸುತ್ತಿದ್ದರು.

ಎಷ್ಟು ವರ್ಷವಾಗಿತ್ತು ಆ ಸದ್ದು ಕೇಳಿ! ಹುಟ್ಟುಹಬ್ಬದ ಮನೆಗಳಲ್ಲಿ ಮಕ್ಕಳು ಕೇಕು ಬರುವವರೆಗೆ ಮಾತ್ರ ಕೇಳುತ್ತಿದ್ದವು. ಇಲ್ಲಿ ಅವನು ‘ಬಂಧುಗಳೇ’ ಎಂದರೆ ಇಡೀ ಚೌಕ ಉಸಿರು ಹಿಡಿಯಿತು. ಅವನ ಮೈಯ ರೋಮಗಳು ಎದ್ದು ನಿಂತು ಅಂಗಿಯ ಗುಂಡಿ ಕಿತ್ತುಹೋದವು.

ಚರಿತ್ರೆಯ ಭಾಗ ಬಂತು. “ಮುನ್ನೂರು ವರ್ಷದ ಹಿಂದೆ,” ಎಂದು ಎತ್ತಿದ. ಯಜಮಾನರ ಬಲಗೈ ಮೇಲೇರಿತು. ಮೇಲೇರಿದ್ದು ಆಕಾಶಕ್ಕೆ ಹೋಗಲಿಲ್ಲ, ಎಡಕ್ಕೆ ಹೊರಳಿತು. ತೋರುಬೆರಳು ಚಾಚಿತು. ಎಡಕ್ಕೆ ಇದ್ದದ್ದು ಇಸ್ತ್ರಿ ಅಂಗಡಿಯ ಬೀದಿ.

ಕೈ ಅಷ್ಟು ಹತ್ತಿರಕ್ಕೆ ತೋರಿಸುತ್ತಿರುವಾಗ ಬಾಯಿ ‘ಅವರು’ ಅನ್ನುವುದು ಹೇಗೆ? ಯಾವ ನಟನೂ ಅನ್ನಲಾರ. ‘ಅ’ ಬಾಯಿ ತೆರೆದು ದೂರಕ್ಕೆ ಹೋಗಿಬಿಡುತ್ತದೆ. ‘ಇ’ ಹಲ್ಲಿನ ನಡುವಿಂದ ಸೂಜಿಯಂತೆ ಹೊರಡುತ್ತದೆ, ಮೂಗಿನಲ್ಲಿ ಮಾತಾಡುವ ಯಜಮಾನರ ದನಿಗೆ ಅದಕ್ಕಿಂತ ಒಪ್ಪುವ ಸ್ವರವೇ ಇಲ್ಲ. ಇದನ್ನೆಲ್ಲ ಗಂಟಲಣ್ಣ ಯೋಚಿಸಿದ್ದು ಆಮೇಲೆ. ಆಗ ಬರೀ ಒಂದು ಉಸಿರು ಎಳೆದುಕೊಂಡ.

“ಇವರು ಸುಟ್ಟರು,” ಎಂದ.

ಮರುಕ್ಷಣ ಎದ್ದ ಕೂಗಿಗೆ ಪರದೆಯ ಮೇಲಿನ ಯಜಮಾನರ ಕೆನ್ನೆ ಒಳಕ್ಕೆ ಹೋಗಿ ಹೊರಕ್ಕೆ ಬಂತು. ಗಂಟಲಣ್ಣ ಚಪ್ಪಾಳೆಗೆ ಬಿಡಬೇಕಾದಷ್ಟು ಜಾಗ ಬಿಟ್ಟ. ಆಮೇಲೆ ಮತ್ತೆ ಅಂದ. “ಇವರು ಸುಟ್ಟರು, ನಾವು ಮರೆತೆವು.” ಕೆಂಪು ಗೆರೆಯ ಕಾಗದ ಅವನ ತೊಡೆಯಿಂದ ಜಾರಿ ಕೆಳಗೆ ಬಿದ್ದಿತ್ತು. ಎತ್ತಿಕೊಳ್ಳಲಿಲ್ಲ.

ಮನೆಗೆ ಬರುವಾಗ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬಾಗಿಲಲ್ಲಿ ಹೆಂಡತಿ ನಿಂತು ಚೌಕದ ದಿಕ್ಕಿಗೆ ನೋಡುತ್ತಿದ್ದಳು. ಸಂಜೆಯ ಬೆಳಕು ಇನ್ನೂ ಇತ್ತು. ಅದರ ನಡುವೆ ಕಪ್ಪು ಹೊಗೆ.

“ಬಟ್ಟೆ ಸುಟ್ಟ ವಾಸನೆ,” ಎಂದಳು. “ಏನಾಯ್ತು ಅಲ್ಲಿ?”

ಅವನ ಕಾಲು ನೆಲಕ್ಕೆ ತಾಗಿತು.

ಆ ಸಂಜೆ ಆ ಬೀದಿಯ ಒಂದು ಸಾಲು ಅಂಗಡಿ ಉರಿಯಿತು. ಇಸ್ತ್ರಿ ಅಂಗಡಿ ಎಲ್ಲಕ್ಕಿಂತ ಚೆನ್ನಾಗಿ ಉರಿಯಿತು, ಬಟ್ಟೆಯಲ್ಲವೇ. ಬೆಂಕಿ ಹಚ್ಚಿದವರ ಶರ್ಟುಗಳೇ ಅಲ್ಲಿ ಗಂಜಿ ಹಾಕಿಸಿಕೊಂಡು ಮಡಿಕೆಯಾಗಿ ಕೂತಿದ್ದವು. ಪಕ್ಷದ ಅರ್ಧ ಕಾರ್ಯಕರ್ತರು ಮಾರನೇ ದಿನ ಸುಕ್ಕು ಬಟ್ಟೆಯಲ್ಲೇ ಮೆರವಣಿಗೆ ಹೋದರು. ಯಜಮಾನರದೇ ಎರಡು ಜುಬ್ಬಾ ಅದರಲ್ಲಿ ಹೋಯಿತಂತೆ. ಇದನ್ನು ಹೇಳಿಕೊಂಡು ಊರು ಸ್ವಲ್ಪ ನಕ್ಕಿತು. ಆಮೇಲೆ ನಗು ನಿಂತಿತು. ಅಂಗಡಿಯ ಮಹಡಿಯ ಮೇಲೆ ಪ್ರಾಂಪ್ಟರನ ಅಣ್ಣ ಮಲಗಿದ್ದ. ಪಾರ್ಶ್ವವಾಯು ಹೊಡೆದು ಕಾಲು ಬಿದ್ದುಹೋಗಿದ್ದವನು. ಪ್ರಾಂಪ್ಟರು ಮೆಟ್ಟಿಲು ಹತ್ತಲು ನೋಡಿ ಎರಡೂ ಅಂಗೈ ಸುಟ್ಟುಕೊಂಡ. ಅಣ್ಣನನ್ನು ತರಲಾಗಲಿಲ್ಲ.

ಗಂಟಲಣ್ಣನ ಹೆಂಡತಿ ಸುದ್ದಿ ತಂದಳು. ತಟ್ಟೆಗೆ ಅನ್ನ ಹಾಕುತ್ತಲೇ ಹೇಳಿದಳು.

“ಆ ಯಜಮಾನ ಅಂದನಂತಲ್ಲ, ಇವರು ಇವರು ಅಂತ. ಬೆರಳು ಬೇರೆ ತೋರಿಸಿ. ಆ ಮಾತು ಆಡಿದ ನಾಲಿಗೆ ಸೇದಿಹೋಗ.”

ಅವನು ತುತ್ತು ಬಾಯಿಗಿಟ್ಟಿದ್ದ. ನುಂಗಲಾಗಲಿಲ್ಲ, ಉಗುಳಲೂ ಆಗಲಿಲ್ಲ.

“ಬಿಸಿ ಇದೆಯಾ?” ಎಂದಳು.

“ನಾನೇ ಕಣೇ,” ಎಂದ. ಎಲ್ಲವನ್ನೂ ಹೇಳಿದ. ಪರದೆ, ತೂತು, ಬೆರಳು. ನಾಟಕಶಾಲೆಯ ವಿಷಯವನ್ನೂ ಹೇಳಿದ, ಅದು ಹೇಳಿದರೆ ಸ್ವಲ್ಪ ಹಗುರವಾದೀತು ಎಂದುಕೊಂಡು. ಅವಳು ಸೌಟು ಹಿಡಿದುಕೊಂಡೇ ಕೇಳಿದಳು.

“ಆ ಕೈ ಯಾವ ಕಡೆ ಇದೆ ಅಂತ ನಿಮಗೆ ಗೊತ್ತಿತ್ತಾ?”

“ತೂತು ಚಿಕ್ಕದು. ಬರೀ ಬೆನ್ನು ಕಾಣ್ತಿತ್ತು.”

“ನಾನು ಕಂಡಿದ್ದು ಕೇಳಲಿಲ್ಲ. ಗೊತ್ತಿತ್ತಾ ಅಂದೆ.”

ಅವನು ತಟ್ಟೆ ನೋಡಿದ. ಅವಳು ಸೌಟು ಇಟ್ಟು ಒಳಗೆ ಹೋದಳು. ಶಾಪವನ್ನು ವಾಪಸು ತಗೊಳ್ಳಲಿಲ್ಲ.

ಯಜಮಾನರು ಗೆದ್ದರು. ಎಷ್ಟು ಮತ ಬಿತ್ತೆಂದರೆ, ಸತ್ತವರ ಮತ ಸೇರಿಸಿದರೂ ಲೆಕ್ಕಕ್ಕೆ ಮೀರಿ ಇನ್ನೂ ಉಳಿದಿತ್ತು. ಗೆದ್ದ ಹುರುಪಿನಲ್ಲಿ ದನಿಯೂ ಮರಳಿತು. ಎಲ್ಲೆಡೆ ಎದೆ ತಟ್ಟಿ ಹೇಳಿದ್ದೇ ಹೇಳಿದ್ದು: “ಅಂದೆ. ಅಂದದ್ದೇ. ಇನ್ಯಾರಿಗಿತ್ತು ಆ ಗಂಡಸುತನ?” ತಾವು ಅಂದದ್ದೆಂದು ಅವರೇ ಪೂರ್ತಿ ನಂಬಿಬಿಟ್ಟಿದ್ದರು. ನಾಟಕಶಾಲೆಯ ಮಾತು ಮತ್ತೆ ಬರಲಿಲ್ಲ.

ಅಷ್ಟರಲ್ಲಿ ವಿಚಾರಣಾ ಆಯೋಗ ಬಂತು. ನಿವೃತ್ತ ನ್ಯಾಯಾಧೀಶರೊಬ್ಬರು ಪುರಭವನದಲ್ಲಿ ಕೂತು ಸಭೆಯ ಧ್ವನಿಮುದ್ರಣ ಹಾಕಿಸಿದರು. ‘ಇವರು ಸುಟ್ಟರು’ ಎಂಬುದು ಗೋಡೆಗೆ ಬಡಿದು ಬಂತು. ಪ್ರಚೋದನೆ ಸಾಬೀತಾದರೆ ಕುರ್ಚಿಯೂ ಹೋಗುತ್ತದೆ, ಜೈಲೂ ಆಗುತ್ತದೆ. ಯಜಮಾನರು ಎದ್ದು ನಿಂತರು.

“ಸ್ವಾಮಿ, ಆ ದನಿ ನನ್ನದಲ್ಲ,” ಎಂದರು.

ಇಡೀ ಪುರಭವನ ನಕ್ಕಿತು. ನ್ಯಾಯಾಧೀಶರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಯಜಮಾನರದೇ ಪಕ್ಷದವರು ತಲೆ ತಗ್ಗಿಸಿ ಭುಜ ಕುಲುಕಿಸಿದರು. ಹುಟ್ಟಿದಂದಿನಿಂದ ಯಜಮಾನರು ಆಡಿದ ಮೊದಲ ನಿಜವದು. ಜೊತೆಗೆ ತಂದಿದ್ದ ಡಾಕ್ಟರ ಪತ್ರವನ್ನೂ ಒಬ್ಬರೂ ನಂಬಲಿಲ್ಲ.

ಮರುದಿನ ಪಿ.ಎ. ಮತ್ತೆ ಗಂಟಲಣ್ಣನ ಮನೆಗೆ ಬಂದ. ಸೋತು ಸುಣ್ಣವಾಗಿದ್ದ.

“ನೀವು ಬಂದು ನಿಜ ಹೇಳಿದ್ರೆ ಸಾಕು,” ಎಂದ. “ನಿಜ ಹೇಳೋದು ನಮ್ಮಲ್ಲಿ ಯಾರಿಗೂ ಅಭ್ಯಾಸ ಇಲ್ಲ. ಅದಕ್ಕೇ ಹೊರಗಿನವರನ್ನ ಕೇಳ್ತಿರೋದು.”

“ನನಗೇನಾಗುತ್ತೆ?”

“ಸ್ವಲ್ಪ ದಿನ ಒಳಗಿರಬೇಕಾಗಬಹುದು. ಕಲಾವಿದರು ಅಂತ ಕನಿಕರ ತೋರಿಸ್ತಾರೆ. ಹೊರಗೆ ಬಂದ ದಿನವೇ ನಾಟಕಶಾಲೆ ಬೀಗದ ಕೈ ನಿಮ್ಮ ಕೈಗೆ.”

ಗಂಟಲಣ್ಣ ಲೆಕ್ಕ ಹಾಕಿ ನೋಡಿದ. ನಿಜ ಹೇಳಿದರೆ ಬೆರಳು ತೋರಿಸಿದವನು ಪಾರಾಗುತ್ತಾನೆ, ತನಗೆ ಬಹುಮಾನವೂ ಸಿಗುತ್ತದೆ. ಸುಮ್ಮನಿದ್ದರೆ ತಾನು ಪಾರು, ಇನ್ನೊಬ್ಬ ತಾನಾಡದ ಮಾತಿಗೆ ಜೈಲಿಗೆ ಹೋಗುತ್ತಾನೆ. ಯಾವ ಕಡೆ ಹೊರಳಿದರೂ ಬೂದಿಯೇ. ಮೂರು ದಿನ ಅವನು ಯಾರ ದನಿಯಲ್ಲೂ ಮಾತಾಡಲಿಲ್ಲ. ಬೆಕ್ಕು ಗಾಬರಿಯಾಗಿ ಪಕ್ಕದ ಮನೆಗೆ ಸೇರಿಕೊಂಡಿತು.

ನಾಲ್ಕನೆಯ ದಿನ ಪ್ರಾಂಪ್ಟರನ ಮನೆಗೆ ಹೋದ. ಸಾವಿಗೆ ಹೋಗಿರಲಿಲ್ಲ, ಜ್ವರ ಎಂದು ಹೇಳಿ ಕಳಿಸಿದ್ದ. ಮನೆಯೊಳಗೆ ಸುಟ್ಟ ಹತ್ತಿಯ ವಾಸನೆ ಇನ್ನೂ ಇತ್ತು. ಪ್ರಾಂಪ್ಟರು ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಮೂಲೆಯಲ್ಲಿ ಅರ್ಧ ಸುಟ್ಟ ಬಟ್ಟೆಯ ಗಂಟುಗಳು. ಗುರುತು ಕಾಣುವಂಥವನ್ನು ಅತ್ತಿಗೆ, ಸತ್ತ ಅಣ್ಣನ ಹೆಂಡತಿ, ಬೇರೆ ಮಾಡಿ ಇಡುತ್ತಿದ್ದಳು. ಗಿರಾಕಿಗಳಿಗೆ ವಾಪಸು ಕೊಡಬೇಕಂತೆ. ಗಂಟಲಣ್ಣನನ್ನು ಕಂಡು ಎದ್ದು, ಕೂರಲು ಜಾಗ ಮಾಡಿ, ಒಳಗೆ ಹೋದಳು.

“ಜ್ವರ ಬಿಡ್ತಾ?” ಎಂದ ಪ್ರಾಂಪ್ಟರು.

“ಭಾವ, ಅವತ್ತು ಸಭೇಲಿ…”

“ಗೊತ್ತು.”

“ಏನು ಗೊತ್ತು?”

“ಇಸ್ತ್ರಿ ಮಾಡ್ತಾ ಕೇಳಿಸ್ಕೋತಿದ್ದೆ. ಯಜಮಾನನೇ ಅಂದ್ಕೊಂಡಿದ್ದೆ. ‘ಮುನ್ನೂರು ವರ್ಷದ ಹಿಂದೆ’ ಅಂದ ಮೇಲೆ ಒಂದು ಉಸಿರು ಎಳ್ಕೊಂಡೆಯಲ್ಲ. ಪುಸ್ತಕ ಬಿಟ್ಟು ಬೇರೆ ಮಾತು ಹಾಕೋಕೆ ಮುಂಚೆ ನೀನು ಎಳ್ಕೊಳ್ಳೋ ಉಸಿರು. ಆಹಾ, ನಮ್ಮವನು ಅಂದ್ಕೊಂಡೆ. ಖುಷಿನೇ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಎಷ್ಟು ವರ್ಷ ಆಗಿತ್ತು ನಿನ್ನ ಕೇಳಿ.” ಬ್ಯಾಂಡೇಜು ಕಟ್ಟಿದ ಕೈಯನ್ನು ತೊಡೆಯ ಮೇಲೆ ಸರಿಮಾಡಿಕೊಂಡ. “ಆಮೇಲೆ ಮಾತು ಬಂತು.”

ಗಂಟಲಣ್ಣ ನೆಲಕ್ಕೆ ಕುಸಿದು ಕೂತ. “ಪೊಲೀಸಿಗೆ ಯಾಕೆ ಹೇಳಲಿಲ್ಲ?”

“ಏನಂತ? ಉಸಿರು ಕೇಳಿಸ್ತು ಅಂತಲಾ?”

“ಹೇಳು ಭಾವ, ಏನು ಮಾಡ್ಲಿ. ನಾನು ಹೇಳಿದ್ರೆ ಅವನು ತಪ್ಪಿಸ್ಕೋತಾನೆ.”

“ಹೂಂ.”

“ಹೇಳದಿದ್ರೆ ನಾನು ತಪ್ಪಿಸ್ಕೋತೀನಿ.”

“ಹೂಂ.”

“ನೀನು ಹೇಳಿದ ಹಾಗೆ ಮಾಡ್ತೀನಿ. ಆಣೆ.”

ಪ್ರಾಂಪ್ಟರು ಬ್ಯಾಂಡೇಜಿನ ಕೈ ಅಡ್ಡ ಆಡಿಸಿದ. “ನನ್ನ ಕೇಳಬೇಡ ಕಣೋ. ಮಾತು ಮರೆತವನಿಗೆ ಎತ್ತಿಕೊಡೋದು ನನ್ನ ಕೆಲಸ. ನೀನು ಮರೆತಿಲ್ಲ.”

ಆಯೋಗ ಮತ್ತೆ ಕೂತ ದಿನ ಪುರಭವನದಲ್ಲಿ ಆ ಬೀದಿಯವರು ಬಲಗಡೆಯ ಬೆಂಚುಗಳಲ್ಲಿ ಕೂತಿದ್ದರು. ಯಜಮಾನರು ಮುಂದಿನ ಕುರ್ಚಿಯಲ್ಲಿ. ಗಂಟಲಣ್ಣ ಎದ್ದು ನಿಂತು, ಆ ದಿನ ಪರದೆಯ ಹಿಂದೆ ಮಾತಾಡಿದ್ದು ನಾನು ಎಂದ. ಭಾಷಣದಲ್ಲಿ ‘ಅವರು’ ಎಂದಿತ್ತು, ‘ಇವರು’ ಎಂದು ಬದಲಿಸಿದ್ದು ನಾನು ಎಂದ.

ನ್ಯಾಯಾಧೀಶರು ಕನ್ನಡಕ ತೆಗೆದರು. “ಎಷ್ಟು ಕೊಟ್ರಪ್ಪ?”

“ದುಡ್ಡಲ್ಲ ಸ್ವಾಮಿ. ನಾಟಕಶಾಲೆ ಕೊಡ್ತೀನಿ ಅಂದಿದಾರೆ. ಅವತ್ತೂ ಅಂದಿದ್ರು, ಈಗಲೂ ಅಂದಿದಾರೆ.”

ಪಿ.ಎ. ತನ್ನ ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದ. ಬೂಟಿಗೆ ಲೇಸೇ ಇರಲಿಲ್ಲ.

“ಹಾಗಾದ್ರೆ ಹೇಳಿ ತೋರಿಸಿ,” ಎಂದರು ನ್ಯಾಯಾಧೀಶರು. “ಯಜಮಾನರ ದನೀಲಿ. ಅದೇ ವಾಕ್ಯ.”

ಇದನ್ನು ಗಂಟಲಣ್ಣ ಎಣಿಸಿರಲಿಲ್ಲ. ಬಲಗಡೆಗೆ ನೋಡಿದ. ಅತ್ತಿಗೆ ತುದಿಯಲ್ಲಿ ಕೂತಿದ್ದಳು, ತೊಡೆಯ ಮೇಲೆ ಕೈಚೀಲ. ಪಕ್ಕದಲ್ಲಿ ಪ್ರಾಂಪ್ಟರು. ಈ ಮಾತನ್ನು ಇವರ ಮುಂದೆ ಇನ್ನೊಮ್ಮೆ ಆಡದೆ, ಮೊದಲ ಸಲ ಆಡಿದ್ದು ತಾನೆಂದು ತೋರಿಸುವ ದಾರಿ ಇರಲಿಲ್ಲ.

“ಬೇರೆ ಏನಾದ್ರೂ ಹೇಳ್ಲಾ, ಸ್ವಾಮಿ?”

“ಅದೇ ವಾಕ್ಯ.”

ಗಂಟಲು ಸರಿಮಾಡಿಕೊಂಡ. ಕಣ್ಣು ಮುಚ್ಚಿದ. “ಮುನ್ನೂರು ವರ್ಷದ ಹಿಂದೆ…” ಉಸಿರು ಎಳೆದುಕೊಂಡ. “ಇವರು ಸುಟ್ಟರು.”

ಕಣ್ಣು ತೆರೆದ. ಬಲಗಡೆಯ ಬೆಂಚುಗಳು ಅರ್ಧ ಖಾಲಿಯಾಗಿದ್ದವು. ಜನ ಎದ್ದು ಬಾಗಿಲಿನ ಕಡೆ ಸರಿದಿದ್ದರು, ಯಾರೂ ಹೇಳದೆ, ಒಬ್ಬರನ್ನೊಬ್ಬರು ನೋಡದೆ. ಒಬ್ಬ ಮುದುಕ ಬೆಂಚಿನ ಕೆಳಗೆ ಕೂತುಬಿಟ್ಟಿದ್ದ. ಅತ್ತಿಗೆ ಕೈಚೀಲವನ್ನು ಎದೆಗವಚಿಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಮೊದಲ ಸಲ ಆಡಿದಾಗ ಗಂಟಲಣ್ಣನಿಗೆ ಮೂಗಿನ ಹೊಳ್ಳೆಯ ತೂತಿನಲ್ಲಿ ಕಾಣದಿದ್ದದ್ದು ಇದು.

“ಸಾಕು, ಸಾಕು,” ಎಂದರು ನ್ಯಾಯಾಧೀಶರು. ನಂಬಿದ್ದರು. ನಂಬದೆ ಇರುವ ಹಾಗೆ ಅವನು ಎಂದೂ ಹೇಳಿದವನಲ್ಲ.

“ಕೈ ಅವರದು ಸ್ವಾಮಿ,” ಎಂದ ಗಂಟಲಣ್ಣ. “ಮಾತು ನನ್ನದು, ಒಪ್ಕೊಂಡೆ. ಬೆರಳು ತೋರಿಸಿದ್ದು ಅವರು.”

ನ್ಯಾಯಾಧೀಶರು ಕಾಗದ ತಿರುವಿದರು. ಪಕ್ಷದವರು ತೆಗೆಸಿದ ವಿಡಿಯೋದಲ್ಲಿ ಬರೀ ಮುಖವಿತ್ತು. “ಕೈ ದಾಖಲೆಯಲ್ಲಿಲ್ಲವಲ್ಲಪ್ಪ,” ಎಂದರು.

ಯಜಮಾನರು ಹೊರಗೆ ಬಂದು ಪತ್ರಿಕೆಯವರ ಮುಂದೆ ಕಣ್ಣಲ್ಲಿ ನೀರು ತಂದುಕೊಂಡರು. ನನ್ನ ದನಿಯನ್ನೇ ಕದ್ದರು, ಎಂದರು. ಊರು ಅವರ ಜೊತೆ ಅತ್ತಿತು. ಗಂಟಲಣ್ಣನ ಮೇಲೆ ಕೇಸು ಹಾಕಲು ಆದೇಶವಾಯಿತು, ಮಾರನೇ ದಿನ ಠಾಣೆಗೆ ಬರಲು ಹೇಳಿದರು. ಅವನನ್ನು ಹಿಡಿದುಕೊಳ್ಳಲು ಸಹ ಯಾರೂ ಬರಲಿಲ್ಲ. ಪೊಲೀಸರು ಯಜಮಾನರಿಗೆ ದಾರಿ ಬಿಡಿಸುತ್ತಿದ್ದರು.

ಮೆಟ್ಟಿಲ ಹತ್ತಿರ ಪ್ರಾಂಪ್ಟರು ನಿಂತಿದ್ದ. ಗಂಟಲಣ್ಣ ಹತ್ತಿರ ಹೋದ. ಏನಾದರೂ ಅನ್ನಲಿ, ಬೈಯಲಿ, ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಒಳಗೆಲ್ಲೋ, ಬಹಳ ಒಳಗೆ, ಹೊಗಳಲಿ ಎಂದೂ ಬೇಡುತ್ತಿತ್ತು.

“ಹೇಳಿದ ಮೇಲೆ ನಿಲ್ಲಿಸಿದೆಯಲ್ಲ,” ಎಂದ ಪ್ರಾಂಪ್ಟರು. “ಸುಟ್ಟರು ಅಂದು ಒಂದು ಗಳಿಗೆ. ಅದು ಯಾಕೆ?”

ಗಂಟಲಣ್ಣನಿಗೆ ಥಟ್ಟನೆ ಗೊತ್ತಾಯಿತು. ಆ ಪುರಭವನದಲ್ಲಿ, ಆ ಬೆಂಚುಗಳ ಮುಂದೆ, ತಪ್ಪೊಪ್ಪಿಕೊಳ್ಳುತ್ತಿರುವಾಗಲೂ, ಅವನು ಚಪ್ಪಾಳೆಗೆ ಜಾಗ ಬಿಟ್ಟಿದ್ದ.

ಅವನ ಮುಖದ ರಕ್ತವೆಲ್ಲ ಕಾಲಿಗಿಳಿದು, ಕಾಲಿನಿಂದ ನೆಲಕ್ಕಿಳಿದು, ಊರಿನ ಚರಂಡಿಯಲ್ಲಿ ಹರಿದುಹೋಯಿತು ಅನ್ನಬೇಕು.

“ನೋಡಲಿಲ್ಲ ಅಂದ್ಕೋಬೇಡ,” ಎಂದ ಪ್ರಾಂಪ್ಟರು, ಸಿಟ್ಟಿಲ್ಲದೆ. “ಆಯ್ತು ಬಿಡು. ಒಳಗೆ ನ್ಯಾಯಾಧೀಶರಿಗೆ ಹೇಳಿದೆ. ಅತ್ತಿಗೆಗೆ ಹೇಳಿದ್ಯಾ?”

“ಅವರೂ ಒಳಗೇ ಇದ್ರಲ್ಲ. ಕೇಳಿಸ್ಕೊಂಡ್ರಲ್ಲ.”

“ಅವರು ಕೇಳಿಸ್ಕೊಂಡಿದ್ದು ಯಜಮಾನನ್ನ.”

ಅತ್ತಿಗೆ ಗೇಟಿನ ಬಳಿ ಬಸ್ಸಿಗೆ ಕಾಯುತ್ತಿದ್ದಳು. ಕೈಚೀಲದ ಬಾಯಿಂದ ಯಾರದೋ ಶರ್ಟಿನ ತೋಳು ಹೊರಗೆ ಇಣುಕಿತ್ತು, ತುದಿ ಕರಕಲಾಗಿತ್ತು. ಗಂಟಲಣ್ಣ ಅವಳ ಮುಂದೆ ಹೋಗಿ ನಿಂತ. ಬಾಯಿ ತೆರೆದ. ಮೊದಲು ಬಂದದ್ದು ಬೂದಿಯಲ್ಲಿ ಕೂತ ದೊರೆಯ ದನಿ. ಅದು ತುಟಿಯವರೆಗೆ ಬಂದದ್ದು ತಿಳಿದು ಬಾಯಿ ಮುಚ್ಚಿಕೊಂಡ. ಮತ್ತೆ ತೆರೆದ. ಬ್ಯಾಂಕ್ ಮ್ಯಾನೇಜರು ಬಂದ. ಅವನನ್ನೂ ಕಳಿಸಿದ. ಒಬ್ಬೊಬ್ಬರನ್ನೇ ಕಳಿಸುತ್ತ ಕಳಿಸುತ್ತ ಒಳಗೆ ಏನೂ ಉಳಿಯಲಿಲ್ಲವೋ ಏನೋ ಎಂದು ಭಯವಾಯಿತು.

ರಸ್ತೆಯಲ್ಲಿ ಯಜಮಾನರ ಕಾರುಗಳು ಹಾರ್ನ್ ಬಾರಿಸುತ್ತ ಹೊರಟವು.

“ಅತ್ತಿಗೆ, ಆ ಮಾತು ಆಡಿದ್ದು ನಾನು,” ಎಂದ.

ಅವಳು ಕಿವಿ ಮುಂದೆ ಮಾಡಿ, ಹುಬ್ಬು ಗಂಟಿಕ್ಕಿದಳು.

“ಸ್ವಲ್ಪ ಜೋರಾಗಿ ಹೇಳಪ್ಪ,” ಎಂದಳು. “ಕೇಳಿಸಲಿಲ್ಲ.”

ಕಾರುಗಳು ದಾಟಿ ಹೋಗುವವರೆಗೆ ಅವನು ಕಾಯಲಿಲ್ಲ. ಅವಳ ಮುಖವನ್ನೇ ನೋಡುತ್ತ ಇನ್ನೊಮ್ಮೆ ಹೇಳಿದ.